ಒಡೆಯುವ ಮುನ್ನ ನೊರೆ

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಖಾಲಿ ಸ್ಟೂಲುಗಳ ಸಾಲಿನ ಮೇಲೆ ಕುಳಿತಿತ್ತು... ಕರಿಹಲಗೆಯ ಮೇಲೆ ಎಂದೋ ಬರೆದು ಅರ್ಧ ಅಳಿಸಿದ ಸಮೀಕರಣ... ಮೂಲೆಯ ಗಾಜಿನ ತೊಟ್ಟಿಯ ಅಂಚಿನಲ್ಲಿ ಒಣಗಿದ ನೊರೆಯ ಬೂದು ಗೆರೆ.

ಆ ಚಿತ್ರದೊಳಗೆ ಅಲುಗದೆ ಕುಳಿತವರು ಖನಿಜ ಸಂಸ್ಕರಣೆಯ ಪ್ರೊಫೆಸರ್ ತಿಪ್ಪೇರುದ್ರಪ್ಪ.

ಪೂರ್ಣ ಫೆಲೋಶಿಪ್ ಇರುವ ಒಂದು ಪಿಎಚ್‌.ಡಿ. ಸೀಟು ಅವರಲ್ಲಿತ್ತು. ಕೇಳಿಕೊಂಡು ಬಂದವರಿಲ್ಲ... ಈ ವರ್ಷವೂ ಯಾರೂ ಸೇರದಿದ್ದರೆ ಪ್ರಯೋಗಾಲಯಕ್ಕೇ ಬೀಗ.

ಅಂದು ಪಾಲಾಕ್ಷಿ ಎಂಬ ಹುಡುಗಿ ಬಂದಳು. ಕೈಯಲ್ಲಿ ಉಪ್ಪಿನಕಾಯಿ ಬಾಟಲಿ, ಅದರೊಳಗೆ ಬೂದು ಪುಡಿ.

"ನಮ್ಮೂರ ತಾಮ್ರದ ಗಣಿ ಮುಚ್ಚಿ ಹೋದ್ರೂ ಈ ಪುಡಿ ಗುಡ್ಡೆ ಅಲ್ಲೇ ಐತೆ ಸಾರ್. ಗಾಳಿ ಬೀಸಿದ್ರೆ ಅನ್ನದ ತಟ್ಟೆಗೇ ಬೀಳ್ತೈತೆ. ಇದ್ರಾಗಿರೋ ತಾಮ್ರ ತೆಗೆಯೋಕಾದ್ರೆ, ಗುಡ್ಡೆ ಎತ್ತಿಸೋಕೆ ಯಾರಾದ್ರೂ ಮುಂದೆ ಬರ್ತಾರೆ... ಆದ್ರೆ ಸ್ಟೈಪೆಂಡ್ ಇಲ್ದೆ ಓದಿಸೋ ಶಕ್ತಿ ನಮ್ಮನೇಲಿಲ್ಲ."

ಆಮೇಲೆ ಮೆಲ್ಲಗೆ ಸೇರಿಸಿದಳು: "ನಾನು ಸೇರ್ಕೊಂಡ್ರೆ ನಿಮ್ಮ ಲ್ಯಾಬೂ ಉಳೀತೈತಂತೆ, ಕೆಳಗೆ ಆಫೀಸ್ನಾಗೆ ಹೇಳಿದ್ರು."

ಮೇಷ್ಟ್ರ ಮುಖ ಅರಳಿತು. ಒಂದಿಷ್ಟು ಪುಡಿಯನ್ನು ತೊಟ್ಟಿಗೆ ಸುರಿದು, ನೀರು, ಎಣ್ಣೆ ಬೆರೆಸಿ, ಯಂತ್ರ ಚಾಲೂ ಮಾಡಿದರು. ನೊರೆ ಉಕ್ಕಿತು.

"ಅಯ್ಯೋ, ಬಟ್ಟೆ ನೆನೆಸಿಟ್ಟಂಗೈತಲ್ಲ ಸಾರ್!"

"ನಗಬೇಡ ತಾಯಿ. ಒಂದೊಂದು ಗುಳ್ಳೆನೂ ತಾಮ್ರದ ಕಣ ಹೊತ್ಕೊಂಡು ಮೇಲೆ ಬರುತ್ತೆ. ಆಗಲೇ ನೊರೆ ಬಳಿದು ತೆಗೀಬೇಕು. ತಡ ಮಾಡಿದ್ರೆ ಗುಳ್ಳೆ ಒಡೆದು, ಕಣ ಮತ್ತೆ ತಳಕ್ಕೆ."

ಅಷ್ಟರಲ್ಲಿ ಫೋನ್ ಬಂತು; ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದರು. ಅವರ ಹಳೆಯ ಶಿಷ್ಯೆ, ಈಗ ಒಡಿಶಾದಲ್ಲಿ ಪ್ರಾಧ್ಯಾಪಕಿ.

"ಸರ್, ತೀರಾ ನುಣ್ಣನೆಯ ಪುಡಿಯಿಂದ ಲೋಹ ತೆಗೆಯೋ ಹೊಸ ಯಂತ್ರ ಬಂದಿದೆ. ಫೆಲೋಶಿಪ್ಪೂ ಇದೆ. ಇವತ್ತೇ ಹೆಸರು ಕೊಡ್ಬೇಕು... ನಿಮ್ಮಲ್ಲಿ ಯಾರಾದ್ರೂ ಇದ್ದಾರಾ?"

ಮೇಷ್ಟ್ರ ಕಣ್ಣು ಬಾಟಲಿಯತ್ತ ಹೋಯಿತು...

ಪಾಲಾಕ್ಷಿಯ ಪುಡಿ ತೀರಾ ನುಣ್ಣಗಿತ್ತು; ತಮ್ಮ ಹಳೆಯ ಯಂತ್ರ ಅದರ ತಾಮ್ರವನ್ನು ಪೂರ್ತಿ ಹಿಡಿಯಲಾರದೆಂದು ಅವರಿಗೆ ಗೊತ್ತಿತ್ತು. 'ಯಾರೂ ಇಲ್ಲ' ಎಂದುಬಿಟ್ಟರೆ ಸಾಕು, ಬೀಗ ತಪ್ಪುತ್ತಿತ್ತು... ಎದುರಿನ ಸ್ಟೂಲಿನ ಮೇಲೆ ದಿನವೂ ಒಬ್ಬಳು ಕುಳಿತಿರುತ್ತಿದ್ದಳು.

ತೊಟ್ಟಿಯಲ್ಲಿ, ಯಾರೂ ಬಳಿಯದ ನೊರೆ ಸದ್ದಿಲ್ಲದೆ ಒಡೆಯುತ್ತಿತ್ತು.

"ಇದ್ದಾಳಮ್ಮ. ಪಾಲಾಕ್ಷಿ ಅಂತ. ಬರ್ಕೊ."

ಪಾಲಾಕ್ಷಿ ಖಾಲಿ ಸ್ಟೂಲುಗಳತ್ತ ನೋಡಿದಳು. "ಮತ್ತೆ ನೀವು, ಸಾರ್?"

"ನನಗೊಂದು ಜೊತೆ ಸಿಗ್ಲಿ ಅಂತ ನಿಮ್ಮೂರಿನ ತಟ್ಟೆಗೆ ಇನ್ನೂ ಧೂಳು ಬೀಳ್ಬೇಕೇನಮ್ಮ?... ಹೊರಡು. ಬಾಗಿಲು ಎಳ್ಕೊಂಡು ಹೋಗು."

ಅವಳು ಕಾಲಿಗೆರಗಿದಳು. ಬಾಟಲಿಯನ್ನು ಅವಳ ಕೈಗಿತ್ತು, ಅವರು ಕಿಟಕಿಯತ್ತ ತಿರುಗಿದರು.

ಅವಳ ಬೆನ್ನ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು...

*ಮೇಲೆತ್ತುವ ಪ್ರೀತಿಗೆ, ಹೊತ್ತು ಮೀರುವ ಮೊದಲೇ ಬಿಟ್ಟುಕೊಡುವುದೂ ತಿಳಿದಿರುತ್ತದೆ.*

ನಿಮ್ಮನ್ನು ಹೀಗೆ ಕಳಿಸಿಕೊಟ್ಟವರು, ಬಾಗಿಲು ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಎಷ್ಟು ಹೊತ್ತು ಒಬ್ಬರೇ ನಿಂತಿದ್ದರೆಂದು... ಎಂದಾದರೂ ಕೇಳಿದ್ದೀರಾ?