ನಲವತ್ತೆರಡರ ಕೋಟು

"ಕೈ ಸ್ವಲ್ಪ ಎತ್ರಿ, ಗಾದ್ರಮ್ಮ."

ರುದ್ರಾಣಿ ಆ ಅಗಲವಾದ ಬೆನ್ನನ್ನು ಬಳಸಿ ಟೇಪು ತಂದು ಎದೆಯ ಮೇಲೆ ಕೂಡಿಸಿದಳು. ಕಚಗುಳಿಯಾಗಿ ಗಾದ್ರಮ್ಮ ಅಂಗಡಿ ತುಂಬ ನಕ್ಕಳು.

"ಏನ್ರವ್ವಾ, ನಂಗೂ ರೆಡಿಮೇಡ್ ಹಾಕ್ಸಿ ಸಿನಿಮಾಕ್ಕೆ ಕಳಿಸ್ತೀರೇನು?"

"ದೊಡ್ಡ ಸೈಜಿನ ಮಾಲು ತರಿಸ್ಬೇಕು. ಅದಕ್ಕೆ ಅಳತೆ ನೋಡ್ತಿದೀನಿ."

"ನಿಮ್ಮ ಯಜಮಾನ್ರನ್ನ ಕೇಳ್ರಿ. ಟೇಪೂ ಬ್ಯಾಡ, ಕಣ್ಣಳತೇಲೇ ಹೇಳ್ತಾರೆ."

ಟೇಪು ನಲವತ್ತೆರಡು ಇಂಚಿಗೆ ನಿಂತಿತ್ತು. ರುದ್ರಾಣಿ ಅಂಕಿಯನ್ನು ಇನ್ನೊಮ್ಮೆ ನೋಡಿ ಟೇಪು ಸುತ್ತಿದಳು.

ಗಾದ್ರಮ್ಮ ಹೊನ್ನಾಳಿಯವಳು. ಚನ್ನಗಿರಿಯ ಈ ಜವಳಿ ಅಂಗಡಿಯಿಂದ ಸೀರೆ ಗಂಟು ಕಟ್ಟಿಕೊಂಡು ಹೋಗಿ ಮನೆಮನೆಗೆ ಮಾರುತ್ತಿದ್ದಳು. ರುದ್ರಾಣಿಯ ಗಂಡ ಕಲ್ಲೇಶಪ್ಪನೊಡನೆ ಚೌಕಾಸಿ ಮಾಡುವಾಗ ಅವಳ ನಗು ಬೀದಿಗೆ ಕೇಳುತ್ತಿತ್ತು. ಇಷ್ಟು ದಿನ ಅದು ಬರೀ ನಗುವಾಗಿತ್ತು.

ಕಲ್ಲೇಶಪ್ಪ ಮಾಲು ತರಲು ಬೊಂಬಾಯಿಗೆ ಹೋಗಿ ನಿನ್ನೆ ಮರಳಿದ್ದ. ಅವನು ಸ್ನಾನಕ್ಕೆ ಹೋದಾಗ ರುದ್ರಾಣಿ ಒಗೆಯುವ ಬಟ್ಟೆಗೆಂದು ಟ್ರಂಕು ತೆರೆದಳು. ಸೀರೆಗಳ ಅಡಿಯಲ್ಲಿ, ಬಾಯಿ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ, ಹೆಂಗಸರ ಒಂದು ಉಣ್ಣೆಯ ಕೋಟು. ಒಳಗೆ ರೇಷ್ಮೆಯ ಅಸ್ತರು. ಕೊಂಬಿನ ಗುಂಡಿಗಳು, ಒಂದೊಂದಕ್ಕೂ ಮೂರು ತೂತು. ಕಾಲರಿನ ಪಟ್ಟಿಯಲ್ಲಿ ಇಟಲಿಯ ಹೆಸರು, ಅದರ ಕೆಳಗೆ 42.

ರುದ್ರಾಣಿಯ ಎದೆಯಳತೆ ಮೂವತ್ತನಾಲ್ಕು. ಕೋಟಿನ ಬಣ್ಣ ಬೂದಿ. ಗಿಳಿಹಸಿರು, ಗುಲಾಬಿ ಬಿಟ್ಟು ಬೇರೆ ಉಡದ ಹೆಂಡತಿಗೆ ಯಾರೂ ಬೂದಿ ಬಣ್ಣ ತರುವುದಿಲ್ಲ. ಚೀಲವನ್ನು ಇದ್ದಲ್ಲೇ ಇಟ್ಟಳು. ಬಿಚ್ಚಿದರೆ ಗೊತ್ತಾಗುತ್ತದೆ. ಇನ್ನೊಬ್ಬಳ ಬಟ್ಟೆ ಮುಟ್ಟಲು ಮೈಯೂ ಒಪ್ಪಲಿಲ್ಲ.

"ಈ ಸಲ ಮನೆಗೇನೂ ತರಾಕೆ ಆಗ್ಲಿಲ್ಲ ಕಣೆ," ಎಂದಿದ್ದ ಊಟಕ್ಕೆ ಕೂತು.

ಈಗ ಅವನು ಜಗಳೂರಿನ ಗಿರಾಕಿಗಳಿಗೆ ಸೀರೆ ಮುಟ್ಟಿಸಲು ಹೋಗಿದ್ದ, ಸಂಜೆಗೆ ಬರುವವನು. ಗಾದ್ರಮ್ಮ ಗಂಟು ಹೊತ್ತು ಹೊರಟ ಮೇಲೆ ರುದ್ರಾಣಿ ನಿರ್ಧರಿಸಿದಳು. ನಾಳೆ ಹೊನ್ನಾಳಿ ಸಂತೆಯ ನಡುವೆ ಅವಳ ಸೆರಗು ಹಿಡಿದು ಕೇಳುವುದು. ಅದಾದ ಮೇಲೆ ಈ ಮನೆಯಲ್ಲಿ ಇರುವಂತಿಲ್ಲ. ಹೋಗುವುದಾದರೆ ಒಂದೇ ಜಾಗ: ನ್ಯಾಮತಿಯಲ್ಲಿ ಅಕ್ಕನ ಮನೆ.

ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಅಕ್ಕ ನಿರ್ಮಲಮ್ಮ ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಡಿಸೆಂಬರಿನ ಬಿಸಿಲಿಗೆ ಬಾಗಿಲಲ್ಲಿ ಕೂತು ಹೊಲಿಗೆ ಮಿಷನ್ನಿನ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ದಪ್ಪ ನೀಲಿ ಉಣ್ಣೆಯದು. ಸಡಿಲವಾದ ಗುಂಡಿಯೊಂದನ್ನು ಬಿಗಿ ಮಾಡುತ್ತಿದ್ದಳು. ಸೂಜಿ ಮೂರು ತೂತುಗಳಲ್ಲಿ ಇಳಿದು ಏಳುತ್ತಿತ್ತು.

ರುದ್ರಾಣಿ ಕೂರುವ ಮೊದಲೇ ಎಲ್ಲ ಹೇಳಿ ಅತ್ತಳು. ಸೂಜಿ ನಿಂತಿತು.

"ಬಣ್ಣ ಯಾವುದು?" ಎಂದಳು ಅಕ್ಕ.

"ಬೂದಿ. ಬಣ್ಣ ಕಟ್ಕೊಂಡು ಏನಕ್ಕ? ನಲವತ್ತೆರಡು ಅಂತ ಬರೆದೈತೆ! ಗಾದ್ರಮ್ಮಂದು ಸರೀ ನಲವತ್ತೆರಡು. ನಾನೇ ಅಳೆದೆ."

"ಅಳೆದ್ಯಾ?" ಅಕ್ಕ ನಗಲು ನೋಡಿದಳು, ಆಗಲಿಲ್ಲ. ಮಡಿಲಿನ ಹೊದಿಕೆಯನ್ನು ಮಡಚುತ್ತಾ ಹೇಳಿದಳು: "ಹುಚ್ಚಿ, ಅದು ಇಂಚಲ್ಲ. ಇಟಲಿಯೋರ ನಂಬರೇ ಬೇರೆ. ಗಾದ್ರಮ್ಮಂಗೆ ಅದ್ರಾಗೆ ಒಂದು ಕೈ ತೂರಿದ್ರೆ ಹೆಚ್ಚು."

"ನಿಂಗೆ ಹೆಂಗೆ ಗೊತ್ತು?"

"ಹೊಲಿಗೆ ಕಲಿಸೋಳಿಗೆ ಗೊತ್ತಿರಲ್ವೇನೆ? ನಲವತ್ತಾರಾದ್ರೆ ನಮ್ಮಂಥೋರಿಗೆ ಗೋಣಿಚೀಲ ಹಾಕ್ದಂಗೆ, ಭುಜ ಮೊಳಕೈಗೆ ಜಾರ್ತದೆ. ನಲವತ್ತೆರಡು ಸರಿ ಕೂರ್ತದೆ. ನಿಂಗೇ ತಂದಿರ್ಬೇಕು. ಹೋಗು, ಬಿಚ್ಚಿ ಹಾಕ್ಕೋ."

"ಸಂತೇಲಿ ಮಾನ ಕಳೀತಿದ್ದೆ ಅಕ್ಕ, ಆ ಪಾಪದೋಳ್ದು."

"ಹೋಗೇ, ಬಸ್ಸು ತಪ್ತದೆ." ಅಕ್ಕ ಎದ್ದು ಒಳಗೆ ಹೋದಳು. ಕಾಫಿಗೂ ಕೂರಿಸಲಿಲ್ಲ.

ದಾರಿಯುದ್ದಕ್ಕೂ ರುದ್ರಾಣಿಗೆ ತನ್ನ ಮೇಲೆಯೇ ನಾಚಿಕೆ. ಮನೆಗೆ ಬಂದವಳೇ ಪ್ಲಾಸ್ಟಿಕ್ಕನ್ನು ಹರಿದಳು. ಸೀರೆಯ ಮೇಲೆ ಕೋಟು ತೊಟ್ಟು ಕನ್ನಡಿಗೆ ನಿಂತಳು. ಭುಜ ಸರಿ, ತೋಳು ಸರಿ. ಅವಳ ಅಳತೆ ಬ್ಲೌಸನ್ನು ಇಟಲಿಯ ದರ್ಜಿಗೆ ಕಳಿಸಿ ಹೊಲಿಸಿದ ಹಾಗೆ. ಅಕ್ಕತಂಗಿಯರಿಬ್ಬರಿಗೂ ಹುಡುಗಿಯರಾಗಿದ್ದಾಗಿನಿಂದ ಅದೊಂದೇ ಅಳತೆ ಬ್ಲೌಸು. ಅಕ್ಕನಿಗೂ ಒಮ್ಮೆ ತೊಡಿಸಿ ನೋಡಬೇಕು ಎಂದುಕೊಂಡು ನಕ್ಕಳು.

ಕಲ್ಲೇಶಪ್ಪ ಬಂದಾಗ ಕೋಟು ಮೈಮೇಲೇ ಇತ್ತು. ಅವನು ಹೊಸ್ತಿಲಲ್ಲೇ ನಿಂತ. ಕೈಯಲ್ಲಿದ್ದ ಚೀಲ ಜಾರಿತು.

"ಕಂಡುಬಿಡ್ತಾ?" ಎಂದ. "ಸಂಕ್ರಾಂತಿಗೆ ಕೊಡಾನ ಅಂತಿದ್ದೆ. ಆಗ್ತದಾ?"

"ನಂಗೇ ಹೊಲಿಸಿದಂಗೈತೆ."

"ಹ್ಞೂಂ," ಎಂದು ಅವನು ಕಾಲು ತೊಳೆಯಲು ಹೋದ.

ಮೇಲಿನ ಗುಂಡಿ ಸ್ವಲ್ಪ ಅಲುಗುತ್ತಿತ್ತು. ಹೊಸ ಕೋಟು, ಬೀಳಬಾರದು. ರುದ್ರಾಣಿ ಕೋಟು ಬಿಚ್ಚಿ, ಸೂಜಿಗೆ ದಾರ ಪೋಣಿಸಿ, ದೀಪದ ಕೆಳಗೆ ಕೂತಳು. ಒಂದು ತೂತಿನಲ್ಲಿ ಇಳಿಸಿದಳು. ಎರಡನೆಯದರಲ್ಲಿ ಎಳೆದಳು. ಮೂರನೆಯದರಲ್ಲಿ ಕೈ ನಿಂತಿತು.

ನ್ಯಾಮತಿಯಲ್ಲಿ ಅಕ್ಕನ ಮಿಷನ್ನಿಗೆ ಹೊದಿಸಿದ್ದೂ ಇಂಥದೇ ಕೋಟು, ಅಕ್ಕನ ಭುಜದಿಂದ ಜಾರಿದ ನಲವತ್ತಾರು.