ಆಯಿಯ ಕೈಗಳು

ಬಿಸಿನೀರು ಬಿದ್ದ ಜೋಳದ ಹಿಟ್ಟಿನ ವಾಸನೆ ಬಂದರೆ ಇವತ್ತಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತೇನೆ.

ಅಪ್ಪನ ತಾಯಿ, ನಮ್ಮ ಆಯಿ, ಆಸ್ಪತ್ರೆ ಸಾಕೆಂದು ಬಸವಕಲ್ಯಾಣದ ನಮ್ಮ ಮನೆಗೇ ಬಂದು ಪಡಸಾಲೆಯಲ್ಲಿ ಮಲಗಿದ್ದಳು. ಆ ಮಧ್ಯಾಹ್ನ ಮಾತು ನಿಂತಿತ್ತು, ಕಣ್ಣು ಮುಚ್ಚಿತ್ತು. ಕೈಗಳೆರಡು ಮಾತ್ರ ಗಾಳಿಯಲ್ಲಿ ಆಡತೊಡಗಿದವು. ಪ್ರಾಣಸಂಕಟವೆಂದು ಹೆದರಿದ ಅಪ್ಪ ಅವನ್ನು ಒತ್ತಿ ಹಿಡಿದಿದ್ದ.

ಕೊನೆಗಾಲದ ರೋಗಿಗಳನ್ನು ಮನೆಗೇ ಬಂದು ನೋಡುವ ಸಿಸ್ಟರ್ ಒಬ್ಬರು ಹುಮನಾಬಾದಿನಿಂದ ಬರುತ್ತಿದ್ದರು. "ಹಿಡೀಬ್ಯಾಡ್ರಿ ಅಣ್ಣಾರ, ಬಿಡ್ರಿ" ಎಂದರು. ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡಿ ಅವ್ವನನ್ನು ಕೇಳಿದರು, "ಇವರು ಮೊದಲ ಏನ್ ಕೆಲಸ ಮಾಡ್ತಿದ್ರು ಅಕ್ಕಾರ?"

"ಖಾನಾವಳಿಗೆ ರೊಟ್ಟಿ ಬಡೀತಿದ್ರು ರೀ."

"ಹಂಗಾದ್ರ ಒಂದೀಟು ಹಿಟ್ಟು ನಾದ್ಕೊಂಡ್ ಬರ್ರಿ."

ಅವ್ವ ಬೆಚ್ಚಗಿನ ಹಿಟ್ಟಿನ ಉಂಡೆ ತಂದು ಆಯಿಯ ಅಂಗೈಗಿಟ್ಟಳು. ಅಲೆಯುತ್ತಿದ್ದ ಬೆರಳುಗಳಿಗೆ ದಾರಿ ಸಿಕ್ಕಿತು. ಸವರಿದವು, ತಿರುಗಿಸಿದವು, ತಟ್ಟಿದವು. ನನ್ನ ಅಂಗೈಯಗಲದ ರೊಟ್ಟಿ. ಅಂಚು ಎಲ್ಲೂ ಬಿರಿದಿರಲಿಲ್ಲ. ಅವ್ವ ಒಯ್ದು ಹಂಚಿಗೆ ಹಾಕಿದಾಗ ಅದು ಪೂರ್ತಿ ಉಬ್ಬಿತು.

"ಎಲ್ಲಾರದೂ ಊಟಾತೇನು?"

ಕೇಳಿದವಳು ಆಯಿ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಬೆಳಿಗ್ಗೆಯಿಂದ ಮನೆಯಲ್ಲಿ ಯಾರೂ ಉಂಡಿರಲಿಲ್ಲ. ಸಿಸ್ಟರ್ ಅಪ್ಪನತ್ತ ನೋಡಿದರು.

"ಉಣ್ಣಾಕತ್ತೇವ ಯವ್ವಾ" ಎಂದ ಅಪ್ಪ, ಆ ರೊಟ್ಟಿ ಮುರಿದು ಎಲ್ಲರ ಕೈಗೂ ಒಂದೊಂದು ಚೂರು ಇಟ್ಟ. ಸಿಸ್ಟರೂ ಕೈಯೊಡ್ಡಿದರು. ನಾವು ಅಗಿಯುವ ಸದ್ದು ಕೇಳುತ್ತ ಕೇಳುತ್ತ ಆಯಿಯ ಕೈಗಳು ಎದೆಯ ಮೇಲೆ ಬಂದು ನಿಂತವು.