ಮಡಚಿದ ಎಲೆಗಳು

ಸೀಮೆಎಣ್ಣೆ ತರುವಷ್ಟರಲ್ಲಿ ಜಗಲಿ ಬರಿದಾಗಿದ್ದು ಕಂಡು ಷಡಕ್ಷರಿ ಡಬ್ಬಿ ಕೆಳಗಿಟ್ಟು ಸುತ್ತಲೂ ಹುಡುಕಿದ. ನಾಳೆ ರುದ್ರಪಟ್ಟಣಕ್ಕೆ ದಿಬ್ಬಣ ಒಯ್ಯಬೇಕಾದ ಕಾರಿನ ಎಂಜಿನ್ ಬಿಚ್ಚಿ, ಒಂದೊಂದು ಪಿಸ್ಟನ್ನನ್ನೂ ಅದರದೇ ವಾಲ್ವು, ಸ್ಪ್ರಿಂಗುಗಳ ಜೊತೆ ಬೇರೆ ಬೇರೆ ಬಾಳೆಎಲೆಯಲ್ಲಿ ಇಟ್ಟಿದ್ದ. ಒಂದರದು ಇನ್ನೊಂದಕ್ಕೆ ಬೆರೆತರೆ ಕೆಲಸ ಕೆಟ್ಟಂತೆಯೇ.

"ಎಲೆ ತಗ್ದು ತಿಪ್ಪೆಗಾಕ್ದೆ ಕಣಪ್ಪಾ," ಎಂದಳು ಕಣ್ಣು ಮಂಜಾದ ತಾಯಿ ಗುರುಸಿದ್ದಮ್ಮ.

ಬಾಯಿಗೆ ಬಂದ ಬೈಗುಳ ನುಂಗಿಕೊಂಡು ತಿಪ್ಪೆಗೆ ಓಡಿದ. ಎಲೆಗಳೆಲ್ಲ ಉಂಡೆದ್ದವರ ಎಲೆಗಳಂತೆ ನೀಟಾಗಿ ಮಡಚಿಕೊಂಡು ಕೂತಿದ್ದವು. ಬಿಡಿಸಿ ನೋಡಿದರೆ, ಒಂದೇ ಒಂದು ಸ್ಪ್ರಿಂಗೂ ಅದಲುಬದಲಾಗಿರಲಿಲ್ಲ.

ಅವನ್ನು ಎದೆಗವಚಿಕೊಂಡು ಬಂದಾಗ ಅವ್ವ ಇನ್ನೂ ಗೊಣಗುತ್ತಿದ್ದಳು. "ಒಬ್ರೆಂಜ್ಲು ಇನ್ನೊಬ್ರೆಲೆಗೆ ಬೆರೀಬಾರ್ದು ಅಂತ ಬ್ಯಾರೆ ಬ್ಯಾರೆ ಮಡಚ್ದೆ. ಎಲ್ಲಾ ಭಾರ ಇದ್ವು ಮಗಾ. ಯಾರೂ ಸರ್ಯಾಗಿ ಉಣ್ದೇ ಎದ್ದೋದ್ರಲ್ಲಾ ಅಂತ ಸಂಕಟ ಆಯ್ತು."

ಬೆಳಗಿನಿಂದ ಹೊಟ್ಟೆಗೇನೂ ಹಾಕದ ಷಡಕ್ಷರಿ ಎಣ್ಣೆಗೈ ತೊಳೆದು ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತ.

"ನಂಗೊಂದೆಲೆ ಆಕವ್ವಾ."